ಬೀರೂರು ಚೌಡಪ್ಪನ ಜರಡಿ ಟೋಕನ್ನು

ಬೀರೂರು ಜಂಕ್ಷನ್ನಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದ ಚೌಡಪ್ಪನ ಬಲಗೈ ಎಡಗೈಗಿಂತ ಒಂದು ಗೇಣು ಉದ್ದವಿತ್ತು. ಹುಟ್ಟಿದಾಗ ಎರಡೂ ಸಮನಾಗಿಯೇ ಇದ್ದವಂತೆ. ಓಡುವ ಗಾಡಿಯ ಡ್ರೈವರನಿಗೆ ಮುಂದಿನ ದಾರಿಯ ಅಪ್ಪಣೆಯಾದ ಟೋಕನ್ ಎತ್ತಿಕೊಡುವಾಗ ಒಮ್ಮೆ ಅದರ ಬೆತ್ತದ ಬಳೆ ಬೆರಳಿಗೆ ಸಿಕ್ಕಿಕೊಂಡು, ಶಿವಮೊಗ್ಗದ ಗಾಡಿ ಅವನನ್ನು ಬಾವುಟದಂತೆ ಹಾರಿಸಿಕೊಂಡು ತರೀಕೆರೆಯವರೆಗೂ ಹೋಯಿತಂತೆ. ತರೀಕೆರೆಯಲ್ಲಿ ನೆಲ ಮುಟ್ಟಿದವನು ಮೊದಲು ಕೇಳಿದ್ದು ಕಾಫಿ, ಆಮೇಲೆ ವಾಪಸು ಬರುವ ಗಾಡಿಯ ಟೈಮು. ಇದನ್ನು ಕಣ್ಣಾರೆ ಕಂಡವರು ಯಾರೂ ಇಲ್ಲ. ನಂಬದವರೂ ಯಾರೂ ಇಲ್ಲ, ಯಾಕೆಂದರೆ ನಂಬದಿದ್ದರೆ ಅವನು ಮತ್ತೆ ಮೊದಲಿನಿಂದ ಹೇಳುತ್ತಿದ್ದ.

ಎಪ್ಪತ್ತೆಂಟನೇ ಇಸವಿಯಲ್ಲಿ ನಿವೃತ್ತನಾದ ಚೌಡಪ್ಪ ರೈಲ್ವೆ ಕ್ವಾರ್ಟರ್ಸಿನ ಹಿಂದಿನ ಓಣಿಯಲ್ಲಿದ್ದ ತನ್ನ ಹಂಚಿನ ಮನೆಯ ಜಗಲಿ ಹಿಡಿದ. ಮನೆಯಲ್ಲಿ ಹೆಂಡತಿ ಉಚ್ಚಂಗಮ್ಮ, ದೊಡ್ಡ ಮಗ, ಸೊಸೆ, ಮದುವೆಯಾಗದ ಇಬ್ಬರು ಗಂಡುಮಕ್ಕಳು. ಇಷ್ಟು ಜನ ದೊಡ್ಡವರ ನಡುವೆ ಒಂದೇ ಒಂದು ಕೂಸು, ನಾಲ್ಕು ವರ್ಷದ ಮೊಮ್ಮಗಳು ಮೀನಾಕ್ಷಿ. ಬಹಳ ವರ್ಷಗಳ ಮೇಲೆ ಹುಟ್ಟಿದ ಮಗು ಎಂದು ಆ ಮನೆಯವರು ಒಂದು ಪದ್ಧತಿ ಮಾಡಿಕೊಂಡಿದ್ದರು: ಯಾವ ಆಟವಾದರೂ ಸರಿ, ಮೀನಾಕ್ಷಿ ಗೆಲ್ಲಬೇಕು. ಕಣ್ಣಾಮುಚ್ಚಾಲೆಯಲ್ಲಿ ಚಿಕ್ಕಪ್ಪಂದಿರು ಕಾಲು ಹೊರಗೆ ಚಾಚಿಕೊಂಡೇ ಅವಿತುಕೊಳ್ಳುತ್ತಿದ್ದರು. ರೈಲಾಟದಲ್ಲಂತೂ ಅವಳೇ ಇಂಜಿನ್ನು. ಆಳೆತ್ತರದ ಗಂಡಸರು ಬೆನ್ನು ಬಗ್ಗಿಸಿ, ಅವಳ ಲಂಗದ ತುದಿ ಹಿಡಿದು, ಅಡುಗೆಮನೆಯಿಂದ ಬಚ್ಚಲವರೆಗೆ ಬೋಗಿಗಳಾಗಿ ಹೋಗುತ್ತಿದ್ದರು. ಹೀಗೆ ಬಗ್ಗಿ ಬಗ್ಗಿ ಆ ಮನೆಯ ಗಂಡಸರ ನಡ ಕುಡುಗೋಲಿನ ಆಕಾರಕ್ಕೆ ಬಂದಿತ್ತು.

ಬೇಸಿಗೆಯಲ್ಲೊಂದು ದಿನ ಮೀನಾಕ್ಷಿ ಓಣಿಗಿಳಿದಳು. ಅಲ್ಲಿ ಕ್ವಾರ್ಟರ್ಸಿನ ಮಕ್ಕಳು ಅಂಗಿ ಹಿಡಿದು ಅದೇ ರೈಲಾಟ ಆಡುತ್ತಿದ್ದರು.

"ನಾನೇ ಇಂಜಿನ್ನು," ಎಂದಳು.

"ಈಗ್ ಬಂದೋಳು ಈಗ್ಲೇ ಇಂಜಿನ್ನಾ? ಹೋಗಿ ಹಿಂದ್ಗಡೆ ಹಿಡ್ಕಳೇ," ಎಂದ ಷಡಕ್ಷರಿ. ಏಳು ವರ್ಷದ ಇವನು ಓಣಿಯ ಮಕ್ಕಳಿಗೆಲ್ಲ ಯಜಮಾನ.

ಮೀನಾಕ್ಷಿ ಅವನ ತೋಳು ಕಚ್ಚಿದಳು. ಕಚ್ಚಿಸಿಕೊಂಡವನಿಗಿಂತ ಕಚ್ಚಿದವಳೇ ಜೋರಾಗಿ ಕಿರುಚಿದಳು. ಆ ಕೂಗಿಗೆ ಹರದಾರಿಗಳಾಚೆಯ ಯಗಟಿಯಲ್ಲಿ ಕುರಿಗಳು ಮೇವು ಬಿಟ್ಟವು. ಓಣಿಯ ಮಕ್ಕಳೆಲ್ಲ ಸೇರಿ ಅವಳಿಗೆ ಠೂ ಬಿಟ್ಟರು.

ಮಾರನೆಯ ದಿನ ಹಿತ್ತಿಲಿಗೆ ಹೋದ ಚೌಡಪ್ಪನಿಗೆ ಕಂಡದ್ದಿಷ್ಟು: ಮೊಮ್ಮಗಳು ಮನೆಯ ಹೇಂಟೆಯ ಕಾಲಿಗೆ ದಾರ ಕಟ್ಟಿ, ಅದನ್ನು ಬೋಗಿ ಮಾಡಿಕೊಂಡು, ಒಬ್ಬಳೇ "ಕೂ" ಎನ್ನುತ್ತಿದ್ದಾಳೆ. ಹೇಂಟೆ ಬರಲೊಲ್ಲದು. ಹಾಸ್ಯಗಾರ ಚೌಡಪ್ಪನಿಗೆ ಅಂದು ನಗು ಬರಲಿಲ್ಲ. ಈ ಕೂಸಿಗೆ ಆಡಲು ಒಂದು ನರಪಿಳ್ಳೆಯೂ ಇಲ್ಲವಲ್ಲ ಎಂದುಕೊಂಡು ಹೇಂಟೆಯ ಕಾಲಿನ ದಾರ ಬಿಚ್ಚಿದ.

ಕೂಡಲೇ ಒಂದು ಉಪಾಯ ಹೂಡಿದ. ಮಂಡಕ್ಕಿ ತಂದು ಓಣಿಯ ಮಕ್ಕಳ ಜೇಬು ತುಂಬಿಸಿ, ಮೀನಾಕ್ಷಿಯ ಹಿಂದೆ ಬೋಗಿಗಳಾಗಲು ಒಪ್ಪಿಸಿದ. ಗಾಡಿ ಓಡಿತು. ಆದರೆ ರೈಲ್ವೆಯವರ ಮಕ್ಕಳಿಗೆ ಯೂನಿಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

"ತಾತಾ, ಬರೀ ಮಂಡಕ್ಕಿಗೆ ಗಾಡಿ ಏರು ಹತ್ತಲ್ಲ. ಕಡ್ಲೆಬೀಜ ಸೇರ್ಸು," ಎಂದ ಷಡಕ್ಷರಿ. ಕಡಲೆಬೀಜ ಸೇರಿತು. ಆಮೇಲೆ ಬೆಲ್ಲ. ಆಮೇಲೆ ಒಂದು ದಿನ ಉಚ್ಚಂಗಮ್ಮ ಡಬ್ಬಿ ಮುಚ್ಚಿಟ್ಟಳು. ಆ ದಿನ ನಡುದಾರಿಯಲ್ಲೇ ಬೋಗಿಗಳೆಲ್ಲ ಕಳಚಿಕೊಂಡವು. ಮೀನಾಕ್ಷಿಗೆ ಗೊತ್ತಾಗಲಿಲ್ಲ. ಒಬ್ಬಳೇ ಓಣಿಯ ಕೊನೆಯ ಬೋರ್‌ವೆಲ್ಲಿನವರೆಗೂ ಕೂಗಿಕೊಂಡು ಓಡಿ, ತಿರುಗಿ ನೋಡಿದರೆ ಹಿಂದೆ ಬರೀ ಧೂಳು.

ಮಧ್ಯಾಹ್ನ ಊಟಕ್ಕೆ ಕೂತ ಚೌಡಪ್ಪ ಮುದ್ದೆಯ ತುತ್ತನ್ನು ಕೈಯಲ್ಲೇ ಉರುಟುತ್ತಿದ್ದ.

"ಗೆಲ್ಸಿ ಗೆಲ್ಸಿ ಕೂಸ್ನ ಒಂಟಿ ಮಾಡಿದ್ರಲ್ಲ," ಎಂದಳು ಉಚ್ಚಂಗಮ್ಮ. "ಅಷ್ಟು ವರ್ಷ ಸರ್ವೀಸ್ ಮಾಡಿದ್ರಿ. ಬೀರೂರಲ್ಲಿ ಒಂದೇ ಗಾಡಿ ಓಡ್ತಿತ್ತೇನು? ಮಿಕ್ಕಿದ್ ಗಾಡಿ ಏನ್ ಮಾಡ್ತಿದ್ವು?"

"ಏನ್ ಮಾಡ್ತವೆ, ನಿಂತ್ಕಂಡು ಕಾಯ್ತಿದ್ವು. ಟೋಕನ್ ಇಲ್ದೆ ಯಾರಪ್ಪನ ಗಾಡಿ ಹೊರಡ್ತದೆ..." ಎಂದವನು, ಕೈಯ ತುತ್ತು ಕೈಯಲ್ಲೇ ಇರಲು, ಎದ್ದೇ ಬಿಟ್ಟ.

ಆಗ ಇದ್ದದ್ದು ಒಂಟಿ ಹಳಿ. ಎರಡು ಸ್ಟೇಷನ್ನುಗಳ ನಡುವೆ ಒಂದು ಹೊತ್ತಿಗೆ ಒಂದೇ ಗಾಡಿ. ಬೆತ್ತದ ಬಳೆಗೆ ಕಟ್ಟಿದ ಚೀಲದಲ್ಲಿ ಒಂದು ಗುಂಡು, ಅದೇ ಟೋಕನ್ನು. ಅದು ಕೈಗೆ ಬಂದ ಡ್ರೈವರ್ ಮಾತ್ರ ಹೊರಡಬೇಕು. ಮುಂದಿನ ಸ್ಟೇಷನ್ನಿನಲ್ಲಿ ಅದನ್ನು ಒಪ್ಪಿಸಬೇಕು. ಆಮೇಲೆಯೇ ಎದುರಿನಿಂದ ಬರುವ ಗಾಡಿಗೆ ದಾರಿ. ಗಾಡಿಯೊಳಗೆ ಮಹಾರಾಜರೇ ಕೂತಿದ್ದರೂ ಕಾಯಬೇಕು.

ರಾಗಿ ಹಿಟ್ಟಿನ ಜರಡಿಯ ಬಲೆ ಕಿತ್ತು, ಬರೀ ಬಳೆ ಉಳಿಸಿಕೊಂಡು, ಚಿಂದಿಯ ಚೀಲ ಕಟ್ಟಿ, ಒಳಗೆ ಒಂದು ಗಜ್ಜುಗ ಹಾಕಿದ. ಜರಡಿ ಹರಿದಿತ್ತು ಎಂದು ಅವನ ವಾದ. ಅವನು ಮುಟ್ಟುವವರೆಗೆ ಹರಿದಿರಲಿಲ್ಲ ಎಂದು ಉಚ್ಚಂಗಮ್ಮನ ವಾದ.

ಸಂಜೆ ಓಣಿಯ ಮಕ್ಕಳಿಗೆ ಬಳೆ ತೋರಿಸಿ ಕಾನೂನು ಹೇಳಿದ. ಜಗಲಿಯೇ ಬೀರೂರು, ಹುಣಸೆಮರವೇ ಅಜ್ಜಂಪುರ. ನಡುವಿನ ಸಣ್ಣ ಸ್ಟೇಷನ್ನುಗಳಲ್ಲಿ ಗಾಡಿ ನಿಲ್ಲುವುದಿಲ್ಲ. ಬಳೆ ಇದ್ದವರು ಇಂಜಿನ್ನು. ಸ್ಟೇಷನ್ ಮುಟ್ಟಿದ ಮೇಲೆ ಬಳೆ ಮುಂದಿನವರಿಗೆ, ಕೊಟ್ಟವರು ಬೋಗಿ.

ಷಡಕ್ಷರಿ ಬಳೆಯನ್ನು ತಿರುಗಿಸಿ ಮುರುಗಿಸಿ ನೋಡಿದ. "ಆಯ್ತು ತಾತಾ. ಮೀನಾಕ್ಷೀನೂ ಬರ್ಲಿ. ಆದ್ರೆ ಇವತ್ತೂ ಹಟ ಮಾಡಿದ್ರೆ ಮುಗೀತು, ಇನ್ಯಾವತ್ತೂ ಸೇರ್ಸಲ್ಲ."

ಮೊದಲ ಸರದಿ ಮೀನಾಕ್ಷಿಗೇ ಬಂತು. ಬಳೆ ಹೆಗಲಿಗೇರಿಸಿಕೊಂಡು, ಹಿಂದೆ ಸಾಲು ಬೋಗಿ ಎಳೆದುಕೊಂಡು ಅಜ್ಜಂಪುರ ಮುಟ್ಟಿದಳು. ಅಲ್ಲಿ ಕಾಯುತ್ತಿದ್ದವನು ಮೂರು ವರ್ಷದ ತಮ್ಮಯ್ಯ. ಒಂದು ಕೈಯಲ್ಲಿ ಜಾರುವ ಚಡ್ಡಿ, ಇನ್ನೊಂದು ಕೈ ಬಳೆಗೆ ಚಾಚಿತ್ತು.

"ಕೊಡಲ್ಲ. ನಂದು," ಎಂದು ಮೀನಾಕ್ಷಿ ಬಳೆಯನ್ನು ಎದೆಗವಚಿಕೊಂಡಳು.

"ಹಂಗಾರೆ ಲೈನ್ ಬ್ಲಾಕು," ಎಂದು ಷಡಕ್ಷರಿ ನೆಲದ ಮೇಲೆ ಕೂತ. ಉಳಿದವರೂ ಕೂತರು. ಬಳೆಯಿಲ್ಲದೆ ಹೊರಡುವ ಮಾತನ್ನು ಒಬ್ಬರೂ ಎತ್ತಲಿಲ್ಲ, ರೈಲ್ವೆಯವರ ಮಕ್ಕಳು.

ಮೀನಾಕ್ಷಿ ಜಗಲಿಯತ್ತ ತಿರುಗಿ, "ತಾತಾ!" ಎಂದಳು.

ಅಲ್ಲಿಯವರೆಗೆ ಆ ಒಂದು ಕೂಗಿಗೆ ಅವಳಿಗೆ ಸಿಗದ ವಸ್ತುವೇ ಇರಲಿಲ್ಲ. ಚೌಡಪ್ಪ ಎದ್ದ. ಉಚ್ಚಂಗಮ್ಮ ಅವನ ಪಂಚೆಯ ಅಂಚು ಹಿಡಿದೆಳೆದಳು.

"ಕೂತ್ಕಳ್ಳಿ. ನಿಮ್ಗೆ ರಿಟೈರಾಗಿದೆ."

"ಕೂಸು ಕರೀತೈತಲ್ಲೇ!"

"ಕರೀಲಿ. ನೀವ್ ಹೋದ್ರೆ ಆ ಮಕ್ಳು ಎದ್ದು ಹೋಯ್ತವೆ."

ಚೌಡಪ್ಪ ಕೂತ. ತರೀಕೆರೆಯವರೆಗೆ ನೇತಾಡಿದ್ದು ಇದರ ಮುಂದೆ ಏನೂ ಅಲ್ಲ ಎನಿಸಿತು. ಆ ಹೊತ್ತಿನಲ್ಲಿ ಜಗತ್ತಿನ ರೈಲುಗಳೆಲ್ಲ ನಿಂತುಹೋದವು. ಹುಬ್ಬಳ್ಳಿಯ ಪ್ಲಾಟ್‌ಫಾರಂ ಮೇಲೆ ಪ್ರಯಾಣಿಕರು ಒಲೆ ಹೂಡಿ ಸಂಸಾರ ಶುರುಮಾಡಿದರು. ಡ್ರೈವರುಗಳ ಗಡ್ಡ ಮೊಣಕಾಲಿಗೆ ಬಂತು.

ತಮ್ಮಯ್ಯ ಮೂಗು ಒರೆಸಿಕೊಂಡು ಹತ್ತಿರ ಬಂದ. "ಮೀನಕ್ಕಾ, ಒಂದ್ಕಿತ ಕೊಡಕ್ಕಾ. ಬೀರೂರ್ ಮುಟ್ಟಿಸ್ಬಿಟ್ಟು ವಾಪಸ್ ಕೊಡ್ತೀನಿ."

ಮೀನಾಕ್ಷಿ ಬೆರಗಾದಳು. ಹುಟ್ಟಿದಂದಿನಿಂದ ಆ ಮನೆಯಲ್ಲಿ ಅವಳೇ ಎಲ್ಲರಿಗಿಂತ ಚಿಕ್ಕವಳು. ಅವಳನ್ನು ಅಕ್ಕ ಎಂದವರು ಯಾರೂ ಇರಲಿಲ್ಲ. ತಮ್ಮಯ್ಯನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಬಳೆ ನೋಡಿದಳು. ಇನ್ನೊಮ್ಮೆ ತಮ್ಮಯ್ಯನನ್ನು ನೋಡಿದಳು.

"ಬೀಳಿಸ್ಬಾರ್ದು ಕಣೋ," ಎಂದು ಬಳೆಯನ್ನು ತಾನೇ ಅವನ ಹೆಗಲಿಗೆ ಹಾಕಿದಳು. "ಹಿಂಗೆ. ಕೈ ಹಿಂಗಿಟ್ಕ. ಹ್ಞೂ, ಈಗ ಕೂ ಅನ್ನು."

ಆಮೇಲೆ ತಾನು ಏನು ಮಾಡಬೇಕೆಂದು ತಿಳಿಯದೆ ನಿಂತಳು. ಬೋಗಿಯಾಗಿ ಅವಳಿಗೆ ಅಭ್ಯಾಸವೇ ಇರಲಿಲ್ಲ. ತಮ್ಮಯ್ಯನ ಜುಟ್ಟು ಹಿಡಿದಳು.

"ಅಂಗಿ ಹಿಡ್ಕಳೇ, ಜುಟ್ಟಲ್ಲ!" ಎಂದು ಷಡಕ್ಷರಿ ನಕ್ಕ. ಮೀನಾಕ್ಷಿಯೂ ನಕ್ಕಳು. ಗಾಡಿ ಹೊರಟಿತು. ಇಂಜಿನ್ನು ಚಡ್ಡಿ ಎಳೆದುಕೊಳ್ಳಲು ದಾರಿಯುದ್ದಕ್ಕೂ ನಿಲ್ಲುತ್ತಿತ್ತು. ಕೂಗಲು ಮರೆತಾಗ ಹಿಂದಿನ ಬೋಗಿ ಅದಕ್ಕಾಗಿ ಕೂಗುತ್ತಿತ್ತು.

ಗಾಡಿ ಬೀರೂರಿಗೆ ಬಂದಾಗ ಚೌಡಪ್ಪ ತಡೆಯಲಾರದೆ ಜಗಲಿಯಿಂದಿಳಿದು, ಕೊನೆಯ ಬೋಗಿಯಾಗಲು ನಡ ಬಗ್ಗಿಸಿದ.

"ನೀನ್ ಬರ್ಬೇಡ ತಾತಾ. ನಿಂದು ಕಾಲು ಸ್ಲೋ," ಎಂದಳು ಮೀನಾಕ್ಷಿ, ಕೈಯ ಅಂಗಿ ಬಿಡದೆ.

ಅಜ್ಜ ಪೆಚ್ಚಾಗಿ ಮೇಲೆ ಹತ್ತಿ ಕೂತ. ಊಟದ ಹೊತ್ತಾಯಿತು. ಉಚ್ಚಂಗಮ್ಮ ಬಾಗಿಲಿಗೆ ಬಂದು ಕೂಗಿದಳು: "ಮೀನಾಕ್ಷೀ, ಮುದ್ದೆ ಆರೋಗ್ತೈತೆ, ಬಾರೇ!"

"ತಡಿ ಅಜ್ಜೀ! ಇನ್ನಿಬ್ರು ಆದ್ಮೇಲೆ ನಂದು!"

"ಕೇಳಿಸ್ತೇನೇ?" ಎಂದ ಚೌಡಪ್ಪ, ಕಣ್ಣು ಒದ್ದೆ ಮಾಡಿಕೊಂಡು. "ಇನ್ನಿಬ್ರು ಆದ್ಮೇಲೆ ಅಂತೆ. ಕಾಯ್ತಾಳಂತೆ ಕಣೇ!"

"ಕೇಳಿಸ್ತು. ನೀವು ಬಂದು ಉಣ್ಣಿ," ಎಂದು ಉಚ್ಚಂಗಮ್ಮ ಮೊಮ್ಮಗಳ ಮುದ್ದೆಯ ಮೇಲೆ ತಟ್ಟೆ ಮುಚ್ಚಿಟ್ಟು ಒಳಗೆ ಹೋದಳು.