ಅತ್ತೆಗೆ ನೀನೋ ನೀವೋ

ಟೀಚರಮ್ಮ ನಿವೃತ್ತರಾದ ಮೇಲೆ ಕೈಗೆತ್ತಿಕೊಂಡ ಕೆಲಸ ಬೈಬಲ್ ಅನುವಾದ. ಅವರ ಮನೆಮಾತಿಗೆ ಲಿಪಿ ಬಂದದ್ದೇ ಇತ್ತೀಚೆಗೆ. ಎರಡು ವರ್ಷದಲ್ಲಿ ಮುಗಿದೀತು ಅಂದುಕೊಂಡಿದ್ದರು. ಈಗ ತಲೆ ಪೂರ್ತಿ ಬೆಳ್ಳಗಾಗಿದೆ, ಕೆಲಸ ಅರ್ಧಕ್ಕೂ ಬಂದಿಲ್ಲ.

ಕ್ಷಮೆ, ಪಾಪದಂಥ ದೊಡ್ಡ ಮಾತುಗಳಿಗೆ ಹೇಗೋ ಪದ ಒದಗುತ್ತಿತ್ತು. ಸಿಕ್ಕಿಹಾಕಿಕೊಳ್ಳುತ್ತಿದ್ದುದು ಸಣ್ಣವುಗಳಲ್ಲಿ. ಮೀನು ಹಿಡಿಯುವ ಇಬ್ಬರು ಸಹೋದರರ ಪ್ರಸಂಗ ಬಂತು. ಆ ಭಾಷೆಯಲ್ಲಿ ಅಣ್ಣ ಉಂಟು, ತಮ್ಮ ಉಂಟು, ಬರೀ ಸಹೋದರ ಇಲ್ಲ. ಯಾರು ದೊಡ್ಡವನೆಂದು ಮೂಲ ಹೇಳುವುದಿಲ್ಲ. ಅನುವಾದ ಸಮಿತಿಯವರು ಮಳೆಗಾಲ ಕಳೆಯುವವರೆಗೂ ಆ ಇಬ್ಬರ ವಯಸ್ಸಿನ ಮೇಲೆ ಜಗಳವಾಡಿದರು.

ಆಮೇಲೆ ಬಂದದ್ದು ವಿಧವೆ ಸೊಸೆಯ ಕಥೆ. ತವರಿಗೆ ಹೋಗು ಎಂದರೂ ಹೋಗದೆ, ನೀನು ಹೋದಲ್ಲಿಗೇ ನಾನೂ ಬರುತ್ತೇನೆಂದು ಅವಳು ಅತ್ತೆಯ ಬೆನ್ನು ಹಿಡಿಯುತ್ತಾಳೆ. ಕನ್ನಡದ ಹಾಗೆ ಅವರ ಮಾತಿನಲ್ಲೂ ನೀನು ಬೇರೆ, ನೀವು ಬೇರೆ. ಮೂಲದಲ್ಲಿ ಗೌರವದ ಆ ಭೇದವಿಲ್ಲ.

ಚರ್ಚಿನ ಹಿಂದಿನ ಕೋಣೆಯಲ್ಲಿ ಸಭೆ ಸೇರಿತ್ತು. ಫ್ಯಾನಿನ ಗಾಳಿಗೆ ಹಾಳೆಗಳು ಹಾರದಂತೆ ಟೀಚರಮ್ಮ ಅಂಗೈ ಊರಿ ಕೂತಿದ್ದರು.

"ಸೊಸೆ ಅತ್ತೆಗೆ ನೀನು ಅನ್ನೋದಾ? ನಾಳೆ ನಮ್ಮ ಮನೆ ಹುಡುಗೀರೂ ಇದನ್ನೇ ಓದಬೇಕು," ಎಂದರು ಹಿರಿಯ ಪಾದ್ರಿ.

"ಸತ್ರೂ ನಿನ್ನ ಜೊತೇಲೇ ಅನ್ನೋಳು ನೀವು ಗೀವು ಅಂತಾಳಾ ಫಾದರ್?" ಎಂದ, ಮೂಲಭಾಷೆ ಬಲ್ಲ ಸಲಹೆಗಾರ. ಆಮೇಲೆ ಟೀಚರಮ್ಮನ ಕಡೆ ತಿರುಗಿದ. "ನೀವು ನಿಮ್ಮತ್ತೇನ ಏನಂತೀರಿ?"

ಟೀಚರಮ್ಮನ ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು. ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳುತ್ತಿದ್ದವರು ಅವರೇ. ದಿನದ ಮಾತುಗಳನ್ನು ಒಂದೊಂದಾಗಿ ನೆನೆದುಕೊಂಡು ಹೇಳಿದರು.

"ಏನೂ ಅನ್ನಲ್ಲ ಅನ್ಸತ್ತೆ. ಊಟ ಆಯ್ತಾ, ಮಾತ್ರೆ ತಗೊಂಡಾಯ್ತಾ ಅಂತೀನಿ. ಅದರಲ್ಲಿ ನೀನೂ ಬರಲ್ಲ, ನೀವೂ ಬರಲ್ಲ."

ಎಲ್ಲರೂ ನಕ್ಕರು. ಅವರಿಗೆ ಮಾತ್ರ ನಗು ಬರಲಿಲ್ಲ.

ಮರುವಾರ ಎರಡೂ ಇಲ್ಲದೆ ಬರೆದುಕೊಂಡು ಹೋದರು. ಸಲಹೆಗಾರ ಓದಿ, "ಗೋಡೆಗೆ ಹೇಳ್ದಂಗಿದೆ ಅಮ್ಮ. ಇವಳು ಎದುರಿಗೆ ನಿಂತು ಹೇಳ್ತಿದ್ದಾಳೆ," ಎಂದ. ಅವನು ಹೇಳಿದ್ದು ಸರಿಯಾಗಿತ್ತು. ಇಷ್ಟು ವರ್ಷ ಒಂದೇ ಸೂರಿನಡಿ ತಾನೂ ಗೋಡೆಗೇ ಮಾತಾಡಿದೆನೇನೋ ಎಂದುಕೊಳ್ಳುತ್ತ ಮನೆಗೆ ನಡೆದರು.

ಸಂಜೆ ಅತ್ತೆಯ ಮಂಚದ ಪಕ್ಕ ಕೂತು ಎರಡು ರೀತಿಯಲ್ಲೂ ಓದಿ ಹೇಳಿದರು. ನೀನು ಎಂದು ಓದಿದಾಗ ಮುದುಕಿ ಹುಬ್ಬು ಗಂಟಿಕ್ಕಿದರು.

"ಬಾಯಿ ಜೋರು ಇವಳದು."

ನೀವು ಎಂದು ಓದಿದರು.

"ಇವಳ್ಯಾರು, ಆಸ್ಪತ್ರೆ ನರ್ಸಾ?"

"ಮತ್ತೆ ಹೇಗೆ ಹೇಳ್ಬೇಕಿತ್ತು?"

"ಹೇಳೋದೇನು ಬಂತು? ಹಿಂದೇನೇ ಹೋದಳಲ್ಲ, ಸಾಲದಾ?" ಎಂದು ಅತ್ತೆ ಕಣ್ಣು ಮುಚ್ಚಿದರು.

ಅದನ್ನು ಸಮಿತಿಗೆ ಹೇಳಿ ಪ್ರಯೋಜನವಿರಲಿಲ್ಲ. ಸೊಸೆಯ ಮಾತನ್ನೇ ಬಿಟ್ಟರೆ ಪುಸ್ತಕವಾಗುವುದಿಲ್ಲ. ಮತ್ತೆ ಎರಡು ಸಭೆ ಅದರ ಮೇಲೆಯೇ ಹೋಯಿತು. ಕೊನೆಗೆ ಪಾದ್ರಿಯ ಮಾತೇ ಗೆದ್ದು, ನೀವು ಎಂದು ನಿಂತಿತು. ಸಲಹೆಗಾರ ಮುಖ ದಪ್ಪ ಮಾಡಿಕೊಂಡ. ಟೀಚರಮ್ಮನ ಒಪ್ಪಿಗೆ ಕೇಳಿದಾಗ, "ಆಗ್ಲಿ," ಎಂದರು. ಮನಸ್ಸು ಒಪ್ಪಿರಲಿಲ್ಲ. ಆದರೆ ಇನ್ನೊಂದು ಸಭೆ ಕೂರುವ ತ್ರಾಣವೂ ಇರಲಿಲ್ಲ.

ಮನೆಗೆ ಬಂದಾಗ ಅತ್ತೆ ಕೇಳಿದರು: "ಏನು ಮಾಡಿದ್ರಿ ಆ ಹುಡುಗೀನ?"

"ನೀವು ಅಂತ ಇಟ್ವಿ."

"ಇರ್ಲಿ ಬಿಡು. ಊರು ತಲುಪಿದ ಮೇಲಾದ್ರೂ ಕೂತ್ಕೊಂಡಳಾ, ಅಲ್ಲೂ ದುಡಿಮೇನಾ?"

"ಅಲ್ಲೂ ದುಡಿಮೇನೇ. ಹೊಲದಲ್ಲಿ ಬಿದ್ದ ತೆನೆ ಆಯ್ತಾಳೆ."

"ಪಾಪ," ಎಂದರು ಅತ್ತೆ. ಸ್ವಲ್ಪ ಹೊತ್ತಾದ ಮೇಲೆ ಬೆನ್ನು ನೋಯುತ್ತಿದೆ ಎಂದರು. ಟೀಚರಮ್ಮ ಎದ್ದು, ಆ ಹಗುರ ಮೈಯನ್ನು ಇನ್ನೊಂದು ಮಗ್ಗುಲಿಗೆ ಹೊರಳಿಸಿ, ಬೆನ್ನಿಗೆ ದಿಂಬು ಕೊಟ್ಟರು.