ನಮ್ಮತ್ತೆಯ ನಂಬರು ನಾನೂರಿಪ್ಪತ್ತೆರಡು

"ಬುಡ್ಲಾ, ಆ ಕ್ಲಾಸು ನನಗೆ ಸಿಕ್ಕಾಕಿಲ್ಲ. ಇರೋದು ಇಪ್ಪತ್ತೈದು ಸೀಟು, ನನ್ ನಂಬರು ನಾನೂರಿಪ್ಪತ್ತೆರಡು!"

ಹೋದ ಭಾನುವಾರ ಕೆರಗೋಡಿನ ಗದ್ದೆ ಬದುವಿನ ಮೇಲೆ ನಿಂತು ನಮ್ಮ ಜಯಮ್ಮತ್ತೆ ಹೀಗಂದಾಗ ನನಗೆ ಗಾಬರಿಯೇ ಆಯಿತು. ಯಾಕೆಂದರೆ ಆ ಕ್ಲಾಸಿಗೆ ಅರ್ಜಿ ಹಾಕುವ ವೆಬ್‌ಸೈಟ್ ಮಾಡಿದ ಮಹಾನುಭಾವ ನಾನೇ. ಬೆಳಿಗ್ಗೆ ನೋಡಿದಾಗ ಬಂದಿದ್ದ ಅರ್ಜಿ ಒಟ್ಟು ಹನ್ನೊಂದು.

ಹನ್ನೊಂದಾದ ಮೇಲೆ ನಾನೂರಿಪ್ಪತ್ತೆರಡು ಬರುವುದು ಯಾವ ಮಗ್ಗಿಯಲ್ಲಿ?

ಮದ್ದೂರಿನ ಒಂದು ಟ್ರಸ್ಟು ಹೆಂಗಸರಿಗೆ ಉಚಿತ ಹೊಲಿಗೆ ತರಬೇತಿ ಕೊಡಲು ಹೊರಟಿದೆ. ಮಂಡ್ಯದಲ್ಲಿ ಕೂತು ಇಂಥವರಿಗೆ ವೆಬ್‌ಸೈಟು ಮಾಡಿಕೊಡುವುದು ನನ್ನ ಹೊಟ್ಟೆಪಾಡು (ಈ ಅಂಕಣದಿಂದ ಹೊಟ್ಟೆ ತುಂಬುತ್ತದೆ ಅಂದುಕೊಂಡಿದ್ದಿರಾ?). ಫಾರಂ ತಯಾರಾದ ದಿನವೇ ಅತ್ತೆಗೆ ಲಿಂಕ್ ಕಳಿಸಿದ್ದೆ. ಮೂವತ್ತು ವರ್ಷ ಕೆಸರಲ್ಲಿ ಬಗ್ಗಿ ನಾಟಿ ಹಾಕಿ ಅವಳ ಮಂಡಿ ಸವೆದಿದೆ. ಈಗ ಬದುವಿನ ಮೇಲೆ ನಿಂತು ಬೇರೆಯವರ ನಾಟಿ ನೋಡಿಕೊಳ್ಳುತ್ತಾಳೆ, ಅದೂ ಎಷ್ಟು ದಿನವೋ. ಕೂತು ಮಾಡುವ ಕೆಲಸ ಒಂದು ಕಲಿತುಬಿಡಬೇಕು ಅಂತ ಅವಳಿಗೆ ಬಹಳ ಆಸೆ.

"ನಂಬರ್ ಯಾರು ಕೊಟ್ಟರು ಅತ್ತೆ?"

"ನೀನೇ ಕೊಟ್ಟಿದ್ದೀಯಲ್ಲಾ, ನೋಡು." ಮಗನ ಫೋನನ್ನು ಮುಂದೆ ಹಿಡಿದಳು. ಮೇಲ್ತುದಿಯಲ್ಲಿ ಒಂದು ಕೆಂಪು ಸಾಲು: 'ಅಮಾನ್ಯ ನಮೂದು. 422. ಮರುಪ್ರಯತ್ನಿಸಿ.'

ಹೌದು, ನಾನೇ ಬರೆದ ಸಾಲು. ನೀವು ಅರ್ಜಿ ತುಂಬಿ ಬಟನ್ ಒತ್ತಿದರೆ ಅದು ದೂರದ ಸರ್ವರ್‌ಗೆ ಹೋಗುತ್ತದೆ. ಅಲ್ಲಿ ಒಂದೊಂದು ಕಾಲಂ ಕೂಡ ತಪಾಸಣೆಯಾಗುತ್ತದೆ. ಏನಾದರೂ ಸರಿಯಿಲ್ಲದಿದ್ದರೆ ವಾಪಸ್. 422 ಅಂದರೆ 'ನೀವು ತುಂಬಿದ್ದು ಒಪ್ಪಿಗೆಯಿಲ್ಲ' ಅಂತ ಕಂಪ್ಯೂಟರ್ ಜನರ ಸಂಕೇತ. ಸರಿ, ಅದು ಕಂಪ್ಯೂಟರ್ ಜನರಿಗೆ ಗೊತ್ತು. ಹೊಲಿಗೆ ಕಲಿಯಲು ಬರುವವರು ಕಂಪ್ಯೂಟರ್ ಜನರೇ?

"ಏಳು ಸಲ ತುಂಬ್ದೆ ಕಣ್ಲಾ. ಒಂದೊಂದ್ ಸಲಾನೂ ಬರ್ದಿದ್ದೆಲ್ಲ ಅಳಿಸ್ಕೊಂಡು ಓಯ್ತು. ಆದ್ರೆ ನಂಬರು ಮಾತ್ರ ಬದಲಾಗ್ನಿಲ್ಲ. ಓ, ಇದು ಗಟ್ಟಿ ನಂಬರು ಅಂದ್ಕಂಡು ಸುಮ್ಕಾದೆ. ಪಕ್ಕದ್ಮನೆ ಸವಿತಂಗೂ ಅದೇ ಬಂದದೆ."

"ಇಬ್ಬರಿಗೂ ಒಂದೇ ನಂಬರ್ ಹೇಗೆ ಬರುತ್ತೆ ಅತ್ತೆ?"

"ಒಂದೇ ಬೀದಿ ಅಲ್ವೇನ್ಲಾ?"

ಬ್ಯಾಗಿನಲ್ಲಿದ್ದ ಲ್ಯಾಪ್‌ಟಾಪ್ ತೆಗೆದು ಬದುವಿನ ಮೇಲೇ ಕೂತೆ. ಸರ್ವರ್ ವಾಪಸ್ ಕಳಿಸಿದ ಅರ್ಜಿಗಳೆಲ್ಲ ಅದರ ದಾಖಲೆಯಲ್ಲಿ ಉಳಿದಿರುತ್ತವೆ. ಅತ್ತೆಯ ಅರ್ಜಿಯಲ್ಲಿ ಎಲ್ಲ ಸರಿಯಿತ್ತು. ಮೊಬೈಲ್ ಕಾಲಂನಲ್ಲಿ ಮಾತ್ರ ಹತ್ತು ಅಂಕಿಗಳ ಮುಂದೆ ಹೀಗೆ ಬರೆದಿದ್ದಳು: 'ಇದು ಮಗನ ಫೋನು. ಸಂಜೆ ಆರರ ಮೇಲೆ ಮಾಡಿ.'

"ನಂಬರ್ ಅಂದ ಕಡೆ ಬರೀ ನಂಬರ್ ಬರೀಬೇಕು ಅತ್ತೆ" ಎಂದೆ, ಸ್ವಲ್ಪ ಗತ್ತಿನಿಂದಲೇ.

"ಅಂಗಂತ ನಿನ್ ಮಿಸಿನ್ನು ಏಳ್ತಾ?"

ಅಂದವಳೇ ಅತ್ತೆ ಗದ್ದೆಯ ಕಡೆ ತಿರುಗಿ ಕೂಗಿದಳು: "ಲೇ ಮಂಜಿ, ನಿನ್ ಎಡಗಡೆ ಮೂರ್ನೇ ಸಾಲು ಒತ್ತಾಗದೆ. ನಡುವಿನ್ ಪೈರು ಕಿತ್ತು ಆಚೆಗೆ ನೆಡು!"

ಮಂಜಿ ತಿರುಗಿದಳು, ಕಿತ್ತಳು, ನೆಟ್ಟಳು, ಮುಂದಕ್ಕೆ ಹೋದಳು. ಮುಗಿಯಿತು. ತಪ್ಪು ಯಾರದು, ಎಲ್ಲಿದೆ, ಏನು, ಸರಿಮಾಡುವುದು ಹೇಗೆ, ಎಲ್ಲವೂ ಒಂದೇ ಕೂಗಿನಲ್ಲಿ ಬಂತು. ಅದೇ ಬದುವಿನ ಮೇಲೆ ನನ್ನ ಸರ್ವರ್ ನಿಂತಿದ್ದರೆ? 'ಅಮಾನ್ಯ ನಾಟಿ' ಅಂದು ಇಡೀ ಗದ್ದೆಯ ಪೈರು ಕಿತ್ತು ಮಂಜಿಯ ಕೈಗೆ ಕೊಟ್ಟು ಮನೆಗೆ ಕಳಿಸುತ್ತಿತ್ತು! ಮಂಡ್ಯದವರ ಮಾತು ಒರಟು ಅನ್ನುತ್ತಾರಲ್ಲ, ಆ ಒರಟು ಮಾತಿಗೆ ಯಾರೂ ದಾರಿ ತಪ್ಪಿದ್ದು ನಾನು ಕಂಡಿಲ್ಲ. ನನ್ನ 'ಮರುಪ್ರಯತ್ನಿಸಿ' ಎಷ್ಟು ನಯ, ಎಷ್ಟು ದಂಡ!

"ಏನಂತ ಬರೆಯಲಿ, ನೀನೇ ಹೇಳು" ಎಂದೆ.

"'ಇಲ್ಲಿ ಬರೀ ಹತ್ತು ಅಂಕಿ ಬರೀರಿ. ಮಿಕ್ಕಿದ್ದೆಲ್ಲ ಸರಿಯಾಗದೆ, ಅಂಗೇ ಇರ್ತದೆ.' ಅಷ್ಟು ಏಳಕ್ಕೆ ನಿನ್ ಗಂಟೇನ್ ಓಯ್ತದೆ?"

ಅಷ್ಟನ್ನೇ ಬರೆದೆ ('ಅದೆ'ಗಳನ್ನೆಲ್ಲ 'ಇದೆ' ಮಾಡಿ). ಆ ಕಾಲಂನ ಕೆಳಗೇ ಕಾಣುವಂತೆ ಹಾಕಿದೆ. ತುಂಬಿದ್ದು ಅಳಿಸಿಹೋಗದಂತೆ ನೋಡಿಕೊಂಡೆ. ಕೂಗು ಯಾವ ಸಾಲಿಗೋ ಆ ಸಾಲಿಗೇ ಕೇಳಿಸಬೇಕಲ್ಲ? ಹೇಳಿದರೆ ನಾಚಿಕೆ, ಅರ್ಧ ಗಂಟೆಯ ಕೆಲಸ.

ಎಂಟನೇ ಸಲಕ್ಕೆ ಅತ್ತೆಯ ಅರ್ಜಿ ಒಳಗೆ ಹೋಯಿತು. ಪರದೆಯ ಮೇಲೆ 'ನಿಮ್ಮದು ಹನ್ನೆರಡನೇ ಅರ್ಜಿ' ಅಂತ ಬಂತು. ಖುಷಿಪಡುತ್ತಾಳೆ ಅಂದುಕೊಂಡೆ. ಅವಳು ಹುಬ್ಬು ಗಂಟಿಕ್ಕಿ, "ಅಂಗಾರೆ ಮಿಕ್ಕೋರೆಲ್ಲ ಎಲ್ಗೋದ್ರು?" ಎಂದಳು.

ಒಳ್ಳೆಯ ಪ್ರಶ್ನೆ. ಮತ್ತೆ ದಾಖಲೆ ತೆರೆದೆ. ಸವಿತಾ ಸೇರಿ ಮೂವತ್ತಾರು ಹೆಂಗಸರು! ಮದ್ದೂರು, ಮಳವಳ್ಳಿ ಕಡೆಯವರೂ ಇದ್ದರು. 'ನಮ್ಮ ಯಜಮಾನರ ನಂಬರು.' 'ಅಕ್ಕನ ಮಗಳದು, ನನ್ನ ಹೆಸರು ಹೇಳಿ ಕರೆಯಿರಿ.' ತಮ್ಮದೇ ಫೋನಿಲ್ಲದವರು ನಮಗೆ ತೊಂದರೆಯಾಗದಿರಲಿ ಅಂತ ಅಷ್ಟು ಮುತುವರ್ಜಿಯಿಂದ ಬರೆದಿದ್ದರು. ಆ ಮುತುವರ್ಜಿಗೇ ನಾನು ಕೆಂಪು ಗೆರೆ ಎಳೆದಿದ್ದೆ. ನಿಜಕ್ಕೂ ತಲೆ ತಗ್ಗಿಸುವಂತಾಯಿತು.

ಸೋಮವಾರ ಟ್ರಸ್ಟಿನ ಮೇಡಂ ತಾವಾಗಿಯೇ ಫೋನ್ ಮಾಡಿದರು. "ಹನ್ನೆರಡೇ ಅರ್ಜಿ ರೀ. ನಮ್ಮ ಕಡೆ ಹೆಂಗಸರಿಗೆ ಕಲಿಯೋ ಆಸಕ್ತಿಯೇ ಇಲ್ಲ. ಕ್ಲಾಸ್ ಕ್ಯಾನ್ಸಲ್ ಮಾಡಿಬಿಡೋಣ ಅಂತ."

ಆಸಕ್ತಿಯಿಲ್ಲವೇ? ಏಳೇಳು ಸಲ ತುಂಬಿದವರಿಗೆ? ನನ್ನ ತಪ್ಪನ್ನು ಒಪ್ಪಿಕೊಂಡು, ಕೈಮುಗಿದು, ಒಂದು ವಾರ ಗಡುವು ಪಡೆದೆ. ಮೂವತ್ತಾರು ಜನರಿಗೂ ನಾನೇ ಫೋನ್ ಮಾಡುವುದೆಂದು ಒಪ್ಪಂದವಾಯಿತು.

ಮೊದಲನೆಯವರು ಮಳವಳ್ಳಿ ಕಡೆಯ ಒಬ್ಬ ಹೆಂಗಸು. ಅವರೂ ಕಾಲಂನಲ್ಲಿ ಬರೆದಿದ್ದಂತೆಯೇ ಸಂಜೆ ಆರು ದಾಟಿದ ಮೇಲೆ ಮಾಡಿದೆ. ಹೊಲಿಗೆ ಕ್ಲಾಸಿನವನು ಅಂದೆ, ಅಷ್ಟೇ. ಆ ಕಡೆಯಿಂದ ಸಂಭ್ರಮದ ದನಿ ಕೇಳಿತು:

"ಬಂತಾ ಸಾ ನನ್ ಸರದಿ? ನಾನೂರಿಪ್ಪತ್ತೊಂದು ಜನಾನೂ ಮುಗುದ್ರಾ?"