ಮಗ್ಗದ ಸದ್ದಿಗೆ ನಡೆಯುವ ಚಂಪಿ

ನಮ್ಮ ನಾಯಿ ಚಂಪಿ ಹೋದ ಬುಧವಾರ ತನ್ನದೇ ಹಿಂಗಾಲುಗಳನ್ನು ನೋಡಿ ಗುರ್ರ್ ಅಂದಿತು.

ನಗಬೇಡಿ. ನಾನೂ ಮೊದಲು ನಕ್ಕೆ. ಆಮೇಲೆ ಅದರ ಮುಖ ನೋಡಿದೆ. ಯಾರೋ ಗುರುತಿಲ್ಲದವರು ಬೆನ್ನು ಹತ್ತಿದ್ದಾರೆ ಅನ್ನುವಂತೆ ತಿರುಗಿ ತಿರುಗಿ ನೋಡುತ್ತಿತ್ತು. ಕಾಲುಗಳು ಮಾತ್ರ ತಮ್ಮ ಪಾಡಿಗೆ ನಡೆಯುತ್ತಿದ್ದವು. ಇಳಕಲ್ಲಿನ ಸುಡುಬಿಸಿಲಲ್ಲಿ ನಾನು ಎರಡು ಹೆಜ್ಜೆ ಹಿಂದೆ ಸರಿದೆ.

ನಾಲ್ಕು ತಿಂಗಳ ಹಿಂದೆ ಗ್ರಾನೈಟ್ ಲಾರಿಯೊಂದು ಚಂಪಿಯ ಬೆನ್ನಿಗೆ ಬಡಿದು ಹೋಗಿತ್ತು. (ಕಲ್ಲು ಹೊತ್ತವರಿಗೆ ಬ್ರೇಕ್ ನೆನಪಿರುವುದಿಲ್ಲ.) ಬಾಗಲಕೋಟೆಯಿಂದ ಬಂದ ಡಾಕ್ಟರಮ್ಮ ಹಿಂಗಾಲಿನ ಬೆರಳನ್ನು ಚಿಮಟದಲ್ಲಿ ಹಿಸುಕಿದರು. ಚಂಪಿ ತಿರುಗಿಯೂ ನೋಡಲಿಲ್ಲ.

"ನೋವ ಗೊತ್ತಾಗವಲ್ದು. ಫಿಜಿಯೋಥೆರಪಿ ಮಾಡ್ರಿ. ದಿನಾ ಕಾಲು ಆಡಸ್ರಿ, ನೋಡೂಣು" ಎಂದರು.

ಎಷ್ಟು ದಿನ ನೋಡುವುದು? ಗಡುವು ಹಾಕಿದವನು ನಾನೇ. ನಾಲ್ಕು ತಿಂಗಳಲ್ಲಿ ಕಾಲಿಗೆ ನೋವಿನ ಅರಿವು ಮರಳದಿದ್ದರೆ ಇಂಜೆಕ್ಷನ್ ಕೊಟ್ಟು ಮಲಗಿಸಿಬಿಡೋಣ ಅಂದೆ. ತೆವಳುವ ಜೀವವನ್ನು ದಿನಾ ನೋಡುವ ಗುಂಡಿಗೆ ನನಗಿಲ್ಲ.

ಕಾಲು ಆಡಿಸುವುದು ಒಂದೇ ವಾರಕ್ಕೆ ನನಗೆ ಸಾಕಾಯಿತು. ಆಗ ಬಂದವರು ಪಕ್ಕದ ಮನೆಯ ಹುಸೇನಸಾಬ್ ಕಾಕಾ. ನಲವತ್ತು ವರ್ಷ ಕುಣಿಮಗ್ಗದಲ್ಲಿ ಸೀರೆ ನೇಯ್ದವರು. ಅಂದರೆ ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು, ದಿನವಿಡೀ ಹಲಗೆ ತುಳಿದವರು. ಈಗ ಆ ಮಗ್ಗಕ್ಕೆ ಸೊಸೆ ಕೂರುತ್ತಾಳೆ.

"ಕಾಲಿನ ಕೆಲಸ ನನಗ ಬಿಡ್ರಿ" ಅಂದರು.

ಹಳೇ ಸೀರೆಯ ಜೋಳಿಗೆ ಮಾಡಿ, ಚಂಪಿಯನ್ನು ಮಗ್ಗದ ಪಕ್ಕದಲ್ಲೇ ತೂಗುಹಾಕಿದರು. ಸೊಸೆ ಎಡಹಲಗೆ ತುಳಿದರೆ ಕಾಕಾ ಕೈಯಿಂದ ಚಂಪಿಯ ಎಡಗಾಲನ್ನು ಮುಂದಿಡುವರು, ಬಲ ತುಳಿದರೆ ಬಲಗಾಲನ್ನು. ಕಾಕಾನಿಗೆ ಗೊತ್ತಿದ್ದ ತಾಳ ಅದೊಂದೇ.

ಮೂರನೇ ತಿಂಗಳು ಚಂಪಿ ನಿಂತಿತು. ಆಮೇಲೆ ನಡೆಯಿತು! ನಾನು ಓಣಿಗೆಲ್ಲ ಪೇಢಾ ಹಂಚಿದೆ. ಅದು ಕಾಕಾನ ಅಂಗಳ ಬಿಟ್ಟು ಬೇರೆಲ್ಲೂ ನಡೆಯುವುದಿಲ್ಲ ಅನ್ನುವುದನ್ನು ನಾವ್ಯಾರೂ ತಲೆಗೆ ಹಚ್ಚಿಕೊಳ್ಳಲಿಲ್ಲ.

ಬುಧವಾರ ಗಡುವು ಮುಗಿಯಿತು. ಡಾಕ್ಟರಮ್ಮ ಬಂದರು. ಒಳಗೆ ಮಗ್ಗದ ಖಟ್ ಖಟ್, ಅಂಗಳದಲ್ಲಿ ನಡೆಯುತ್ತಿದ್ದ ಚಂಪಿ. ಅಷ್ಟರಲ್ಲಿ ಎಳೆ ಹರಿದು ಸೊಸೆ ಮಗ್ಗ ನಿಲ್ಲಿಸಿದಳು. ಚಂಪಿಯ ನಡು ಅಲ್ಲೇ ಕುಸಿಯಿತು. ಎಳೆ ಕೂಡಿಸಿ ಅವಳು ಮತ್ತೆ ತುಳಿದಳು. ಬಿದ್ದಿದ್ದ ಹಿಂಗಾಲುಗಳು ತಾವಾಗಿಯೇ ಎದ್ದು ಹೆಜ್ಜೆ ಹಾಕಿದವು. ಚಂಪಿ ಗುರ್ರ್ ಅಂದಿದ್ದು ಆಗಲೇ.

ಡಾಕ್ಟರಮ್ಮ ಬೆರಳು ಹಿಸುಕಿದರು. ಉಹುಂ.

"ತನಗ ಕಾಲು ಅದಾವ ಅನ್ನೂದ ಇದಕ್ಕ ಗೊತ್ತಿಲ್ರಿ. ಬೆನ್ನಹುರಿ ರೂಢಿ ಮ್ಯಾಲ ನಡಸಾಕತ್ತೈತಿ. ಆದ್ರ ಸದ್ದಿಗೆ ಹೆಂಗ ಏಳತಾವ? ಇಂಥಾದ್ದು ನಾ ಎಲ್ಲೂ ಕಂಡಿಲ್ಲ. ನೀವ ಹೇಳ್ರಿ, ಏನ ಮಾಡೂಣು?"

ಖರೆ ಹೇಳುತ್ತೇನೆ, ನನಗೆ ನನ್ನ ನಾಯಿಯ ಭಯ ಹತ್ತಿತ್ತು. "ಇಂಜೆಕ್ಷನ್ ಕೊಟ್ಟುಬಿಡ್ರಿ" ಅಂದೆ.

ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ ಕಾಕಾ ನಕ್ಕರು. "ಯಾಕ್ರಿ? ಕುಣ್ಯಾಗ ಕುಂತಾಗ ನನಗರ ಕಾಲು ಎಲ್ಲಿ ನೆನಪಿರ್ತಿದ್ದವು? ಅವು ತಾವ ತುಳೀತಿದ್ದವು."

ಡಾಕ್ಟರಮ್ಮ ಕಾಕಾನ ಪಾದವನ್ನೇ ದಿಟ್ಟಿಸಿದರು. ಬಗ್ಗಿ, ಮೆಲ್ಲಗೆ ಹೆಬ್ಬೆರಳಿಗೆ ಚಿಮಟ ಹಾಕಿದರು. ಕಾಕಾ ಚಂಪಿ ಬೆಳಿಗ್ಗೆ ಎಷ್ಟು ರೊಟ್ಟಿ ತಿಂದಿತೆಂದು ಹೇಳುತ್ತಲೇ ಇದ್ದರು. ಡಾಕ್ಟರಮ್ಮ ಇನ್ನಷ್ಟು ಬಿಗಿ ಹಿಡಿದರು. ಕಾಕಾನ ಮಾತು ತಡವರಿಸಲಿಲ್ಲ.

"ಯಾಕ್ರಿ ಇಬ್ರೂ ಕೆಳಗ ನೋಡಾಕತ್ತೀರಿ?" ಎಂದು ಕಾಕಾ ಕೇಳಿದರು. ಚಿಮಟದಲ್ಲಿದ್ದ ಆ ಕಾಲು, ಒಳಗಿನ ಖಟ್ ಖಟ್‌ಗೆ ಸರಿಯಾಗಿ, ಗಾಳಿಯನ್ನು ತುಳಿಯುತ್ತಿತ್ತು.

ಡಾಕ್ಟರಮ್ಮ ಬ್ಯಾಗು ಮುಚ್ಚಿದರು. ಮರುದಿನ ಕಾಕಾನನ್ನು ದವಾಖಾನೆಗೆ ಕರೆದೊಯ್ದೆ. ಚಂಪಿ ಬದುಕಿದೆ.

ನೋವು ಗೊತ್ತಾಗದ ಕಾಲಿದ್ದವರು ಬದುಕಬಾರದು ಅನ್ನುವ ನನ್ನ ಕಾಯ್ದೆಯನ್ನು, ನೀವಾಗಿದ್ದರೆ ಆ ಕಟ್ಟೆಯ ಮುಂದೆ ನಿಂತು ಇನ್ನೊಮ್ಮೆ ಹೇಳುತ್ತಿದ್ದಿರಾ?